ಬಿಳಿ ಅಂಕಿ ಗುಲಾಬಿಯಾದದ್ದೇಕೆ?

ಹೀಗೊಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಹುಡುಗರು ಒಂದು ಕ್ರಿಕೆಟ್ ತಂಡ ಕಟ್ಟಿದ್ದಾರೆ. ಆಟಗಾರರು ಹನ್ನೊಂದು, ಬದಲಿಗೆ ನಾಲ್ವರು, ಸ್ಕೋರು ಬರೆಯುವವನೊಬ್ಬ. ಒಟ್ಟು ಹದಿನಾರು ಅಂಗಿ ಬೇಕು. ಊರಿನ ಹೆಸರಿಗೂ ಲೆಕ್ಕಕ್ಕೂ ಸರಿಹೋಯಿತೆಂದು ಎಲ್ಲರಿಗೂ ನಗು. ಅಂಗಿಯೊಂದಕ್ಕೆ 300 ರೂಪಾಯಿ ಎಂದರೂ 4,800 ರೂಪಾಯಿ. ಒಬ್ಬನ ಅಪ್ಪ ಭತ್ತ ಮಾರಿದ ಹಣದಲ್ಲಿ ಕೊಟ್ಟ, ಇನ್ನೊಬ್ಬನ ಅವ್ವ ಸಂಘದ ಉಳಿತಾಯದಿಂದ ತೆಗೆದುಕೊಟ್ಟಳು. ಹುಡುಗರು ಪೇಟೆಗೆ ಬಸ್ಸು ಹತ್ತಿ ಕಡುಗೆಂಪು ಪಾಲಿಯೆಸ್ಟರ್ ಅಂಗಿಗಳನ್ನು ಆರಿಸಿದರು. ಬೆನ್ನಿಗೆ ಬಿಳಿ ಅಂಕಿ, ಎದೆಗೆ ಊರಿನ ಹೆಸರು.

"ತೊಳುದ್ರೆ ಹೋಗಾಕಿಲ್ಲ ತಾನೇ ಅಣ್ಣ?" ಎಂದು ತಂಡದ ನಾಯಕ ಕೇಳಿದ.

"ಯೋಚ್ನೆ ಮಾಡ್ಬೇಡಿ ಕನ್ರಪ್ಪ, ಅಂಗಿ ಹರುದ್ರೂ ನಂಬರ್ ಹೋಗಾಕಿಲ್ಲ" ಎಂದ ಅಂಗಡಿಯವನು.

ಅವನು ಸುಳ್ಳೇನೂ ಹೇಳಿರಲಿಲ್ಲ. ಅಂಕಿ ಹೋಗಲಿಲ್ಲ. ಆದರೆ ಹದಿನೈದು ದಿನ ಕಳೆಯುವಷ್ಟರಲ್ಲಿ ಹಾಲಿನಂತಿದ್ದ ಬಿಳುಪು ಗುಲಾಬಿಯಾಗಿತ್ತು. ಮನೆಮನೆಯಲ್ಲೂ ಜಗಳ. "ಕೆಂಪು ಸೀರೆ ಜೊತೇಲಿ ನೆನೆ ಹಾಕ್ದಾ ಅವ್ವ?" ಎಂದು ಮಗ ರೇಗಿದ. ತಾಯಿ ಸೋಪಿನ ಪುಡಿಯನ್ನು ಬೈದಳು. ಅಂಗಡಿಯವನು ಬಟ್ಟೆ ತೊಳೆದವರನ್ನು ಬೈದ. ಕೊನೆಗೆ ಸ್ಕೋರು ಬರೆಯುವ ಹುಡುಗ ತನ್ನ ಅಂಗಿಯನ್ನು ತಂದು ತೋರಿಸಿದ. ಅದನ್ನು ಅವನು ತೊಟ್ಟಿರಲಿಲ್ಲ, ತೊಳೆದಿರಲೂ ಇಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟದ್ದು ಹಾಗೆಯೇ ಇತ್ತು. ಅದರ ಅಂಕಿಯೂ ಗುಲಾಬಿ!

ಹಾಗಾದರೆ ತಪ್ಪು ನೀರಿನದಲ್ಲ, ಸೋಪಿನದಲ್ಲ, ತಾಯಿಯದಂತೂ ಅಲ್ಲ. ಮತ್ತೆ ಯಾರದು?

ಈ ಕಥೆ ಕಲ್ಪಿತವಾದರೂ ಸಮಸ್ಯೆ ಕಲ್ಪಿತವಲ್ಲ. ಪಾಲಿಯೆಸ್ಟರ್ ಅಂಗಿಗಳ ಮೇಲೆ ಅಚ್ಚು ಹಾಕುವ ಪ್ರತಿಯೊಂದು ಊರಿನಲ್ಲೂ ಇದು ನಡೆಯುತ್ತದೆ. ಶಾಲೆಯ ಕ್ರೀಡಾದಿನಕ್ಕೆ, ತಾಲ್ಲೂಕು ಪಂದ್ಯಕ್ಕೆ, ದಸರಾ ಕ್ರೀಡಾಕೂಟಕ್ಕೆ ಅಂಗಿ ಹೊಲಿಸುವ ಮಕ್ಕಳೂ ಹಣ ಕೊಡುವ ಪೋಷಕರೂ ಇದರ ಹಿಂದಿರುವ ವಿಜ್ಞಾನವನ್ನು ಸ್ವಲ್ಪ ತಿಳಿದಿದ್ದರೆ ನಷ್ಟ ತಪ್ಪುತ್ತದೆ.

ಜಾತ್ರೆಯ ರಂಗೋಲಿ ಅಚ್ಚು

ಸ್ಕ್ರೀನ್ ಪ್ರಿಂಟಿಂಗ್ ಎಂದರೆ ಹೆದರಬೇಕಾದ್ದಿಲ್ಲ. ನಂಜನಗೂಡಿನ ಜಾತ್ರೆಯಲ್ಲಿ ತೂತುಗಳಿರುವ ರಂಗೋಲಿ ಅಚ್ಚುಗಳನ್ನು ಮಾರುವುದನ್ನು ನೋಡಿರುತ್ತೀರಿ. ಅಚ್ಚನ್ನು ನೆಲದ ಮೇಲಿಟ್ಟು ಪುಡಿ ಹಾಕಿ ಕೈಯಾಡಿಸಿದರೆ ತೂತಿರುವ ಕಡೆ ಮಾತ್ರ ಪುಡಿ ಇಳಿದು ಚಿತ್ತಾರ ಮೂಡುತ್ತದೆ. ಸ್ಕ್ರೀನ್ ಪ್ರಿಂಟಿಂಗ್‌ನ ತತ್ವವೂ ಇದೇ. ಚೌಕಟ್ಟಿಗೆ ಬಿಗಿದ ಸಣ್ಣ ಕಣ್ಣಿನ ಜಾಲರಿ ಬಟ್ಟೆಗೆ ಬೆಳಕಿನಿಂದ ಗಟ್ಟಿಯಾಗುವ ಲೇಪವನ್ನು ಸವರುತ್ತಾರೆ. ಅಂಕಿಯ ಆಕಾರವಿರುವಲ್ಲಿ ಬೆಳಕು ಬೀಳದಂತೆ ಮಾಡಿ, ಅಲ್ಲಿನ ಲೇಪವನ್ನು ನೀರಿನಿಂದ ತೊಳೆದರೆ ಆ ಭಾಗದ ಕಣ್ಣುಗಳು ಮಾತ್ರ ತೆರೆದಿರುತ್ತವೆ. ಚೌಕಟ್ಟನ್ನು ಅಂಗಿಯ ಮೇಲಿಟ್ಟು ಶಾಯಿ ಸುರಿದು ರಬ್ಬರ್ ಪಟ್ಟಿಯಿಂದ ಎಳೆದರೆ ಅಂಕಿ ಸಿದ್ಧ. ಲಗ್ನಪತ್ರಿಕೆ ಅಚ್ಚು ಹಾಕಿದ ಸಣ್ಣ ಅಂಗಡಿಗಳಿಂದ ದೊಡ್ಡ ಗಾರ್ಮೆಂಟ್ ಕಾರ್ಖಾನೆಗಳವರೆಗೆ ಎಲ್ಲೆಡೆಯೂ ವಿಧಾನ ಒಂದೇ.

ಜಾಲರಿ ಒಂದೇ ಆದರೂ ಶಾಯಿ ಒಂದೇ ಅಲ್ಲ. ಕಾಗದಕ್ಕೆ ಒಂದು, ಹತ್ತಿ ಬಟ್ಟೆಗೆ ಒಂದು, ಪಾಲಿಯೆಸ್ಟರಿಗೆ ಇನ್ನೊಂದು. ತೊಡಕು ಶುರುವಾಗುವುದು ಇಲ್ಲಿಯೇ.

ಮೈಸೂರಿನ ಶಾಯಿ ಹೇಳುವ ಪಾಠ

ಶಾಯಿಯ ವಿಷಯದಲ್ಲಿ ಮೈಸೂರು ಜಿಲ್ಲೆಯವರು ಹೆಮ್ಮೆಪಡಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಸ್ಥಾಪನೆಯಾದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರ ಮಹಾಚುನಾವಣೆಯಿಂದಲೂ ತಯಾರಾಗುತ್ತಿರುವುದು ಅಲ್ಲಿಯೇ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ರೂಪಿಸಿದ ಈ ಶಾಯಿ ಅನೇಕ ಹೊರದೇಶಗಳಿಗೂ ಹೋಗುತ್ತದೆ.

ಅದು ಏಕೆ ಅಳಿಯುವುದಿಲ್ಲ? ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನಂಶದೊಡನೆ, ಪ್ರೋಟೀನಿನೊಡನೆ ವರ್ತಿಸಿ, ಬೆಳಕಿಗೆ ಕಪ್ಪಾಗಿ, ಚರ್ಮದಲ್ಲೇ ನೆಲೆಗೊಳ್ಳುತ್ತದೆ. ಹಳೆಯ ಚರ್ಮ ಉದುರಿ ಹೊಸದು ಬಂದಾಗಲೇ ಆ ಗುರುತು ಹೋಗುವುದು. ಹಾಗೆಂದು ಆ ಶಾಯಿಯಿಂದ ಅಂಗಿಗೆ ಬಿಳಿ ಅಂಕಿ ಬರೆಯಲಾಗದು! ಅದು ಚರ್ಮಕ್ಕೆಂದೇ ಹೊಂದಿಸಿದ್ದು.

ಇದರಿಂದ ಕಲಿಯಬೇಕಾದ ಪಾಠ ಇಷ್ಟು: ಶಾಯಿಯ ಗಟ್ಟಿತನ ಶಾಯಿಯೊಂದರಲ್ಲೇ ಇಲ್ಲ. ಅದು ಕೂರುವ ಮೈಯೊಡನೆ ಅದಕ್ಕಿರುವ ಹೊಂದಾಣಿಕೆಯಲ್ಲಿದೆ. ಆದ್ದರಿಂದ ಮೊದಲು ಬಟ್ಟೆಯನ್ನು ಅರಿಯಬೇಕು, ಆಮೇಲೆ ಶಾಯಿಯನ್ನು ಆರಿಸಬೇಕು.

ನೀರು ಕುಡಿಯದ ನೂಲು

ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ವಿಜ್ಞಾನಿಗಳು 1941ರಲ್ಲಿ ಪಾಲಿಯೆಸ್ಟರ್ ನೂಲನ್ನು ಕಂಡುಹಿಡಿದರು. ಅದು ಟೆರಿಲಿನ್ ಎಂದು ಹೆಸರಾಯಿತು. ಅವರು ಕೆಲಸ ಮಾಡುತ್ತಿದ್ದದ್ದು ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್ನಿನಲ್ಲಿ, ಅಂದರೆ ಬಟ್ಟೆಯ ಮೇಲೆ ಅಚ್ಚು ಹಾಕುವವರ ಸಂಸ್ಥೆಯಲ್ಲಿ! ಅಚ್ಚಿನವರಿಗೆ ಇಷ್ಟು ಕಾಟ ಕೊಡುವ ನೂಲು ಅಚ್ಚಿನವರ ಮನೆಯಲ್ಲೇ ಹುಟ್ಟಿತು. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯೂ ಇದೇ ವಸ್ತುವಿನದು.

ಆಟಗಾರರಿಗೆ ಇದು ಇಷ್ಟವಾಗುವುದು ನೀರನ್ನು ಹೀರುವುದಿಲ್ಲವೆಂಬ ಕಾರಣಕ್ಕೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ನೂರಕ್ಕೆ 8ರಷ್ಟು ತೇವವನ್ನು ಒಳಗಿಟ್ಟುಕೊಂಡಿರುತ್ತದೆ. ಪಾಲಿಯೆಸ್ಟರ್ ಇಟ್ಟುಕೊಳ್ಳುವುದು ನೂರಕ್ಕೆ ಅರ್ಧದಷ್ಟೂ ಇಲ್ಲ. ಬೆವರು ನೂಲಿನೊಳಗೆ ಇಳಿಯದೆ ನೂಲುಗಳ ಸಂದಿಯಲ್ಲಿ ಹರಡಿ ಬೇಗ ಆರುತ್ತದೆ. ಅಂಗಿ ಭಾರವಾಗದು.

ಆದರೆ ಇದೇ ಗುಣ ಬಣ್ಣ ಹಾಕುವವರಿಗೆ ತೊಡಕು. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳು ನೀರಿನಲ್ಲಿ ಕರಗಿ ನೂಲಿನೊಳಗೆ ಹೋಗಿ ಅದರೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಪಾಲಿಯೆಸ್ಟರಿನಲ್ಲಿ ಹಾಗೆ ಬೆಸೆಯಲು ಕೊಂಡಿಗಳಿಲ್ಲ. ಅಣುಗಳ ಉದ್ದನೆಯ ಸರಪಣಿಗಳು ಒತ್ತೊತ್ತಾಗಿ ಕೂತಿರುತ್ತವೆ. ಅದಕ್ಕಾಗಿ ಡಿಸ್ಪರ್ಸ್ ಎಂಬ ಜಾತಿಯ ಬಣ್ಣವನ್ನು ಬಳಸುತ್ತಾರೆ. ಪ್ರೆಷರ್ ಕುಕ್ಕರಿನಲ್ಲಿದ್ದಂತೆ ಒತ್ತಡದಲ್ಲಿ ನೀರನ್ನು ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಸರಪಣಿಗಳು ಅಲುಗಾಡಿ ಸಡಿಲವಾಗುತ್ತವೆ. ಆ ಸಂದಿಯಲ್ಲಿ ಬಣ್ಣದ ಸಣ್ಣ ಅಣುಗಳು ನುಸುಳುತ್ತವೆ. ತಣಿದಾಗ ಸರಪಣಿಗಳು ಮತ್ತೆ ಒತ್ತಿಕೊಂಡು ಬಣ್ಣ ಒಳಗೇ ಸಿಕ್ಕಿಬೀಳುತ್ತದೆ.

ಗಮನಿಸಿ: ಬಣ್ಣ ಬೆಸೆದುಕೊಂಡಿಲ್ಲ, ಸಿಕ್ಕಿಬಿದ್ದಿದೆ ಅಷ್ಟೆ. ಕಿಕ್ಕಿರಿದ ಬಸ್ಸಿನೊಳಗೆ ಸಿಕ್ಕಿಕೊಂಡ ಪ್ರಯಾಣಿಕನಂತೆ. ಜನ ಸ್ವಲ್ಪ ಸರಿದರೆ ಅವನು ಬಾಗಿಲಿನತ್ತ ನುಸುಳುತ್ತಾನೆ.

ಬಿಸಿ ತೆರೆದ ಬಾಗಿಲು

ಈಗ ಗುಲಾಬಿ ಅಂಕಿಯ ಗುಟ್ಟು ಬಯಲಾಗುತ್ತದೆ. ಬನಿಯನ್, ಟೀಶರ್ಟುಗಳಿಗೆ ಬಹಳವಾಗಿ ಬಳಕೆಯಲ್ಲಿರುವುದು ಪ್ಲಾಸ್ಟಿಸಾಲ್ ಶಾಯಿ. ಪಿವಿಸಿ ಪ್ಲಾಸ್ಟಿಕ್‌ನ ನಯವಾದ ಪುಡಿಯನ್ನು ಅದನ್ನು ಮೃದುಮಾಡುವ ಎಣ್ಣೆಯಂಥ ದ್ರವದಲ್ಲಿ ಕಲಸಿದರೆ ಈ ಶಾಯಿ. ಇದು ಗಾಳಿಗೆ ಒಣಗುವುದಿಲ್ಲ. ಇಡ್ಲಿ ಹಿಟ್ಟಿನಂತೆ ಬೇಯಬೇಕು. ಸಾಮಾನ್ಯ ಪ್ಲಾಸ್ಟಿಸಾಲ್ ಪೂರ್ತಿ ಬೇಯಲು ಸುಮಾರು 160 ಡಿಗ್ರಿ ಬೇಕು. ಹತ್ತಿ ಅಂಗಿಗೆ ಇದರಿಂದ ತೊಂದರೆಯಿಲ್ಲ.

ಪಾಲಿಯೆಸ್ಟರ್ ಅಂಗಿಗೆ 130 ಡಿಗ್ರಿಯಲ್ಲಿ ಬಣ್ಣ ಹಾಕಿದ್ದರು. ಅದನ್ನು 160 ಡಿಗ್ರಿಗೆ ಕಾಯಿಸಿದರೆ ಏನಾಗುತ್ತದೆ? ಒಳಗೆ ಹೋಗುವಾಗ ತೆರೆದಿದ್ದ ಬಾಗಿಲು ಈಗ ಇನ್ನೂ ಅಗಲವಾಗಿ ತೆರೆಯುತ್ತದೆ. ಕೆಂಪು ಬಣ್ಣದ ಅಣುಗಳು ಹೊರಬೀಳುತ್ತವೆ. ದೇವರ ಮನೆಯ ಕರ್ಪೂರ ಕರಗದೆಯೇ ನೇರವಾಗಿ ಆವಿಯಾಗಿ ಡಬ್ಬಿಯಲ್ಲಿ ಸವೆಯುವುದನ್ನು ನೋಡಿದ್ದೀರಲ್ಲ, ಹಾಗೆಯೇ ಕೆಲವು ಡಿಸ್ಪರ್ಸ್ ಬಣ್ಣಗಳು ಬಿಸಿಗೆ ನೇರ ಆವಿಯಾಗುತ್ತವೆ. ಇದಕ್ಕೆ ಉತ್ಪತನ ಎಂದು ಹೆಸರು. ಮೇಲೆಯೇ ಕೂತಿರುವ ಬಿಳಿ ಶಾಯಿ ಆ ಬಣ್ಣವನ್ನು ಹೀರುತ್ತದೆ.

ಅಷ್ಟೇ ಅಲ್ಲ. ಶಾಯಿಯನ್ನು ಮೃದುವಾಗಿಡುವ ಎಣ್ಣೆಯಂಥ ದ್ರವದಲ್ಲಿ ಈ ಬಣ್ಣ ಕರಗುತ್ತದೆ. ಆದ್ದರಿಂದ ಅಂಗಡಿಯಿಂದ ಬಂದ ಮೇಲೂ ಬಣ್ಣ ಮೆಲ್ಲಮೆಲ್ಲನೆ ಮೇಲೇರುತ್ತಲೇ ಇರುತ್ತದೆ. ಅಚ್ಚಾದ ದಿನ ಬೆಳ್ಳಗಿದ್ದ ಅಂಕಿ ವಾರ, ಹದಿನೈದು ದಿನ ಕಳೆದ ಮೇಲೆ ಗುಲಾಬಿಯಾಗುವುದು ಹೀಗೆ. ಕವರಿನಲ್ಲೇ ಇದ್ದ ಅಂಗಿ ಕೆಟ್ಟದ್ದೂ ಇದರಿಂದಲೇ. ಕೆಂಪು, ಮೆರೂನ್ ಬಟ್ಟೆಗಳಲ್ಲಿ ಈ ಕಾಟ ಹೆಚ್ಚು. ಕಡುನೀಲಿ, ಕಡುಹಸಿರುಗಳಲ್ಲೂ ಇದೆ. ಟಿ. ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುವುದು ಪುಣ್ಯ. ಅಂಗಿಯಲ್ಲಿ ಕೆಂಪು ಬಿಳಿಯನ್ನು ಕೂಡುವುದು ನಷ್ಟ.

ಅತ್ತ ದರಿ, ಇತ್ತ ಪುಲಿ

ಹಾಗಾದರೆ ಬಿಸಿಯನ್ನು ಕಡಿಮೆ ಮಾಡಿದರಾಯಿತಲ್ಲ ಎನ್ನಬಹುದು. ಅದೇ ಶಾಯಿಯನ್ನು ಕಡಿಮೆ ಬಿಸಿಯಲ್ಲಿ ಬೇಯಿಸಿದರೆ ಮೇಲೆ ಬೆಂದು ಒಳಗೆ ಹಿಟ್ಟಾಗಿರುವ ಇಡ್ಲಿಯ ಗತಿ. ಮುಟ್ಟಿದರೆ ಗಟ್ಟಿಯೆನಿಸುತ್ತದೆ, ನಾಲ್ಕು ಸಲ ತೊಳೆದರೆ ಬಿರುಕುಬಿಟ್ಟು ಉದುರುತ್ತದೆ. ಬಿಸಿ ಹೆಚ್ಚಾದರೆ ಬಣ್ಣ ಏರುತ್ತದೆ, ಬಟ್ಟೆಯೂ ಮುದುಡುತ್ತದೆ. ಆದ್ದರಿಂದ ಕಡಿಮೆ ಬಿಸಿಗೇ ಪೂರ್ತಿ ಬೇಯುವ ಶಾಯಿಯನ್ನು ಆರಿಸಬೇಕು. ಪೇಟೆಯಲ್ಲಿ ಸಿಗುವ ಬಗೆಗಳು ಇವು.

ಮೊದಲನೆಯದು ನೀರು ಆಧಾರಿತ ಪಿಗ್ಮೆಂಟ್ ಶಾಯಿ. ಕೈಗೆ ಮೃದು, ಬೆಲೆಯೂ ಹಗುರ. ಆದರೆ ಇದು ನೆಚ್ಚುವುದು ಹತ್ತಿಯನ್ನು. ನಯವಾದ ಪಾಲಿಯೆಸ್ಟರಿನ ಮೇಲೆ ನಿಲ್ಲಲು ತಕ್ಕ ಬೈಂಡರ್, ಫಿಕ್ಸರ್‌ಗಳನ್ನು ಬೆರೆಸಬೇಕು. ತಿಳಿಬಣ್ಣದ ಬಟ್ಟೆಯ ಮೇಲೆ ಕಡುಬಣ್ಣದ ಅಂಕಿಗೆ ಇದು ಸಾಕು. ಕಡುಗೆಂಪಿನ ಮೇಲೆ ಬಿಳಿ ಎದ್ದು ಕಾಣುವಷ್ಟು ಇದು ಮುಚ್ಚುವುದಿಲ್ಲ.

ಎರಡನೆಯದು ಪಾಲಿಯೆಸ್ಟರಿಗೆಂದೇ ಮಾಡಿದ, ಬಣ್ಣ ಏರಗೊಡದ ಪ್ಲಾಸ್ಟಿಸಾಲ್. ಸುಮಾರು 130 ಡಿಗ್ರಿಗೇ ಪೂರ್ತಿ ಬೇಯುವ ಬಗೆಗಳಿವೆ. ತೀರ ಬಣ್ಣ ಬಿಡುವ ಬಟ್ಟೆಯಾದರೆ ಬಿಳಿಯ ಕೆಳಗೆ ಮೊದಲು ಬೂದು ಅಥವಾ ಕಪ್ಪು ಬಣ್ಣದ ತಡೆಪದರವನ್ನು ಹಾಕುತ್ತಾರೆ. ಅದರಲ್ಲಿರುವ ಇಂಗಾಲದ ಪುಡಿ ಏರಿಬರುವ ಬಣ್ಣವನ್ನು ಹಿಡಿದು ನಿಲ್ಲಿಸುತ್ತದೆ. ಕುಡಿಯುವ ನೀರಿನ ಫಿಲ್ಟರಿನಲ್ಲಿ ಇದ್ದಿಲು ಮಾಡುವ ಕೆಲಸವೂ ಇದೇ ಬಗೆಯದು. ಊರಿನ ತಂಡದ ಕೆಂಪಂಗಿಗೆ ಈ ಶಾಯಿಯೇ ತಕ್ಕದ್ದು.

ಮೂರನೆಯದು ಸಿಲಿಕೋನ್ ಶಾಯಿ. ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ, ಕಡಿಮೆ ಬಿಸಿಯಲ್ಲಿ ಗಟ್ಟಿಯಾಗುತ್ತದೆ. ಮೈಗಂಟುವ ಅಂಗಿಗೆ ಬಹಳ ಒಳ್ಳೆಯದು. ಆದರೆ ಬೆಲೆ ಹೆಚ್ಚು. ವೇಗವರ್ಧಕ ಬೆರೆಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ಹದಿನಾರು ಅಂಗಿಗೆ ಇದನ್ನು ಕಲಸಿದರೆ ಉಳಿದದ್ದು ದಂಡ.

ಇವಲ್ಲದೆ ಈಚಿನ ವರ್ಷಗಳಲ್ಲಿ ಹಾಳೆಯ ಮೇಲೆ ಅಚ್ಚು ಹಾಕಿ ಅಂಟುಪುಡಿ ಉದುರಿಸಿ ಬಿಸಿಯಿಂದ ಅಂಗಿಗೆ ಒತ್ತುವ ಡಿಟಿಎಫ್ ಎಂಬ ವಿಧಾನ ಬಂದಿದೆ. ಒಂದೆರಡು ಅಂಗಿಗೆ ಅನುಕೂಲ. ಅಲ್ಲಿಯೂ ಒತ್ತುವ ಬಿಸಿ ಹೆಚ್ಚಾದರೆ ಬಣ್ಣ ಏರುವ ಭಯ ತಪ್ಪಿದ್ದಲ್ಲ.

ಕಳ್ಳನೇ ಕಾವಲುಗಾರ

ಇನ್ನೊಂದು ವಿಧಾನವಿದೆ. ಅದರ ಹಿಂದಿನ ಯೋಚನೆ ವಿದ್ಯಾರ್ಥಿಗಳು ಮೆಚ್ಚುವಂಥದ್ದು. ಡಿಸ್ಪರ್ಸ್ ಬಣ್ಣ ಬಿಸಿಗೆ ಆವಿಯಾಗಿ ಓಡಾಡುತ್ತದೆ ಎಂಬುದು ತಾನೇ ನಮ್ಮ ತೊಂದರೆ? ಅದನ್ನೇ ಉಪಯೋಗಿಸಿಕೊಂಡರೆ? ಬಿಳಿ ಪಾಲಿಯೆಸ್ಟರ್ ಬಟ್ಟೆಯನ್ನು ತೆಗೆದುಕೊಂಡು, ಕಾಗದದ ಮೇಲೆ ಈ ಬಣ್ಣದಿಂದಲೇ ಇಡೀ ಅಂಗಿಯ ಚಿತ್ರವನ್ನು ಅಚ್ಚು ಹಾಕಿ, ಸುಮಾರು 200 ಡಿಗ್ರಿ ಬಿಸಿಯಲ್ಲಿ ಒಂದು ನಿಮಿಷದೊಳಗೆ ಒತ್ತಿ ತೆಗೆಯುತ್ತಾರೆ. ಬಣ್ಣ ಆವಿಯಾಗಿ ನೂಲಿನೊಳಗೆ ಸೇರಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದು ಸಬ್ಲಿಮೇಷನ್ ಅಚ್ಚು.

ಇದರಲ್ಲಿ ಬಿಳಿ ಶಾಯಿಯೇ ಇಲ್ಲ. ಅಂಕಿ ಬೇಕಾದ ಜಾಗವನ್ನು ಖಾಲಿ ಬಿಟ್ಟು ಸುತ್ತ ಕೆಂಪು ತುಂಬುತ್ತಾರೆ. ಬಟ್ಟೆಯ ಬಿಳುಪೇ ಅಂಕಿಯಾಗುತ್ತದೆ. ಮೇಲೆ ಪದರವಿಲ್ಲದ್ದರಿಂದ ಬಿರುಕಿಲ್ಲ, ಉದುರುವುದಿಲ್ಲ, ಗಾಳಿಗೆ ಅಡ್ಡಿಯೂ ಇಲ್ಲ. ಆದರೆ ಬಟ್ಟೆ ಬಿಳಿ ಅಥವಾ ತಿಳಿಬಣ್ಣದ್ದಾಗಿರಬೇಕು, ಪಾಲಿಯೆಸ್ಟರೇ ಆಗಿರಬೇಕು. ಈಗಾಗಲೇ ಕೊಂಡ ಕೆಂಪಂಗಿಗೆ ಇದು ಆಗದು. ಆದ್ದರಿಂದ ಅಂಗಿ ಕೊಳ್ಳುವ ಮುಂಚೆಯೇ ಯೋಚಿಸಬೇಕು.

ಕೊಡುವ ಮುನ್ನ ಕೇಳಿ, ನೋಡಿ

ಹಣ ಕೊಡುವ ಪೋಷಕರು ಅಂಗಡಿಯವನಿಗೆ ನಾಲ್ಕು ಪ್ರಶ್ನೆ ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

1. ಅಂಗಿಯ ಚೀಟಿಯಲ್ಲಿ ಏನಿದೆ? ಪೂರ್ತಿ ಪಾಲಿಯೆಸ್ಟರೋ, ಹತ್ತಿ ಬೆರೆತದ್ದೋ?

2. ಹಾಕುವ ಶಾಯಿ ಪಾಲಿಯೆಸ್ಟರಿಗೆಂದು ಮಾಡಿದ್ದೇ? ಎಷ್ಟು ಡಿಗ್ರಿಗೆ ಬೇಯುತ್ತದೆ? ಡಬ್ಬಿಯ ಮೇಲೆ ಬರೆದಿರುತ್ತದೆ.

3. ಬಿಸಿಯನ್ನು ಅಳೆಯುವುದು ಹೇಗೆ? ಯಂತ್ರದ ಮುಳ್ಳನ್ನು ಮಾತ್ರ ನಂಬಬಾರದು. ಅಂಗಿಯ ಮೇಲಿನ ಶಾಯಿಯ ಬಿಸಿಯನ್ನೇ ಅಳೆಯುವ ಸಾಧನಗಳಿವೆ.

4. ಬಿಸಿ ಅಂಗಿಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆಯೇ? ಪೇರಿಸಿದರೆ ಒಳಗಿನ ಬಿಸಿ ಬೇಗ ತಣಿಯದೆ ಬಣ್ಣ ಏರುತ್ತಲೇ ಇರುತ್ತದೆ. ಬಿಡಿಬಿಡಿಯಾಗಿ ತಣಿಸಿ ಆಮೇಲೆ ಮಡಿಸಬೇಕು.

ವಿದ್ಯಾರ್ಥಿಗಳು ಹಿರಿಯರ ಜೊತೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಅಂಗಿಯ ಒಳಮಡಿಕೆಯ ಮೇಲೆ ಬಿಳಿ ಬಟ್ಟೆಯ ತುಂಡಿಟ್ಟು, ಇಸ್ತ್ರಿಪೆಟ್ಟಿಗೆಯನ್ನು ಮಧ್ಯಮ ಬಿಸಿಯಲ್ಲಿ ಅರ್ಧ ನಿಮಿಷ ಒತ್ತಿ. ಹತ್ತಿಗೆ ಇಡುವ ಪೂರ್ಣ ಬಿಸಿ ಬೇಡ, ಬಟ್ಟೆ ಕೆಡುತ್ತದೆ. ಬಿಳಿ ತುಂಡಿಗೆ ಬಣ್ಣ ಹತ್ತಿದರೆ ಆ ಅಂಗಿ ಬಣ್ಣ ಬಿಡುವ ಜಾತಿಯದೆಂದು ಖಚಿತ. ಹತ್ತದಿದ್ದರೆ ಪೂರ್ತಿ ನಿಶ್ಚಿಂತೆಯೆಂದು ತಿಳಿಯಬಾರದು. ಶಾಯಿಯೊಳಗಿನ ಎಣ್ಣೆ ಬಣ್ಣವನ್ನು ಎಳೆಯುವ ಬಗೆ ಬೇರೆ.

ಆದ್ದರಿಂದ ನಿಜವಾದ ಪರೀಕ್ಷೆ ಒಂದೇ. ಹದಿನಾರು ಅಂಗಿಗೂ ಒಟ್ಟಿಗೆ ಅಚ್ಚು ಹಾಕಿಸಬೇಡಿ. ಮೊದಲು ಒಂದಕ್ಕೆ ಹಾಕಿಸಿ. ಅಂಕಿಯನ್ನು ಎರಡು ಕೈಯಲ್ಲಿ ಮೆಲ್ಲನೆ ಎಳೆದು ನೋಡಿ. ಬಿರುಕು ಬಿಟ್ಟರೆ ಬೆಂದಿಲ್ಲವೆಂದು ಅರ್ಥ. ನಾಲ್ಕೈದು ಸಲ ತೊಳೆಯಿರಿ. ಬೆಚ್ಚಗಿರುವ ಜಾಗದಲ್ಲಿ ಹದಿನೈದು ದಿನ ಇಟ್ಟು ನೋಡಿ. ಪಂದ್ಯಕ್ಕೆ ಮೂರು ದಿನವಿದೆ ಎನ್ನುವಾಗ ಅಂಗಡಿಗೆ ಓಡುವವರಿಗೆ ಈ ಪರೀಕ್ಷೆ ಸಾಧ್ಯವಿಲ್ಲ. ತಿಂಗಳ ಮೊದಲೇ ಹೊರಡುವವರಿಗೆ ಒಂದು ಅಂಗಿ ಹೋದರೂ ಹದಿನೈದು ಉಳಿಯುತ್ತವೆ.

ಕಸುಬು ಕಲಿಯುವವರಿಗೆ

ಸ್ಕ್ರೀನ್ ಪ್ರಿಂಟಿಂಗ್ ಕಡಿಮೆ ಬಂಡವಾಳದ ಕಸುಬು. ಓದು ಮುಗಿಸಿ ಊರಲ್ಲೇ ನಿಲ್ಲಬಯಸುವ ಹುಡುಗ ಹುಡುಗಿಯರಿಗೆ ಒಂದು ದಾರಿ. ಆದರೆ ಜಾಲರಿ ಎಳೆಯುವುದನ್ನು ವಾರದಲ್ಲಿ ಕಲಿಯಬಹುದು. ಬಟ್ಟೆ, ಬಣ್ಣ, ಬಿಸಿಗಳ ನಂಟನ್ನು ಅರಿಯಲು ಶಾಲೆಯ ರಸಾಯನಶಾಸ್ತ್ರ ಬೇಕೇ ಬೇಕು. ಹತ್ತನೆಯ ತರಗತಿಯ ಪಾಠ ಪರೀಕ್ಷೆಗೆ ಮಾತ್ರವೆಂದು ತಿಳಿದವರು ಇಲ್ಲಿ ಕೈ ಸುಟ್ಟುಕೊಳ್ಳುತ್ತಾರೆ.

ಇನ್ನೂ ಎರಡು ಮಾತು. ಶಾಯಿ ಬೇಯಿಸುವ ಕೋಣೆಯಲ್ಲಿ ಗಾಳಿಯಾಡಬೇಕು. ಮಕ್ಕಳ ಅಂಗಿಗೆ ಥ್ಯಾಲೇಟ್ ಎಂಬ ಮೃದುಕಾರಕವಿಲ್ಲದ ಶಾಯಿ ಸಿಗುತ್ತದೆ, ಅದನ್ನೇ ಕೇಳಿ ತರಬೇಕು. ಉಳಿದ ಶಾಯಿಯನ್ನೂ ಜಾಲರಿ ಒರೆಸಿದ ದ್ರಾವಕವನ್ನೂ ಚರಂಡಿಗೆ ಸುರಿಯಬಾರದು. ಈ ಸೀಮೆಯ ಚರಂಡಿಯ ನೀರು ಕೊನೆಗೆ ಸೇರುವುದು ಕಪಿಲೆಯನ್ನೇ. ಅದೇ ನೀರನ್ನು ಕೆಳಗಿನ ಊರುಗಳವರು ಕುಡಿಯುತ್ತಾರೆ, ಗದ್ದೆಗೆ ಹಾಯಿಸುತ್ತಾರೆ.

ಮತ್ತೆ ನಮ್ಮ ತಂಡಕ್ಕೆ ಬರೋಣ. ಗುಲಾಬಿ ಅಂಕಿಯ ಅಂಗಿ ತೊಟ್ಟರೂ ರನ್ನು ಕಡಿಮೆಯೇನೂ ಬೀಳುವುದಿಲ್ಲ, ಆಡಬಹುದು. ಅಂಗಡಿಯವನ ಜೊತೆ ಜಗಳವಾಡಿ ಫಲವಿಲ್ಲ. ಅವನಿಗೂ ತಿಳಿದಿರಲಿಲ್ಲ. ಮುಂದಿನ ಸಲ ಅವನೊಡನೆ ಕೂತು ಡಬ್ಬಿಯ ಮೇಲಿನ ಅಕ್ಷರಗಳನ್ನು ಓದಿದರೆ ಇಬ್ಬರಿಗೂ ಲಾಭ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಸೋಪಿನ ನೀರಿನಲ್ಲಿ ಕೈ ನೆನೆಸಿ ಅಂಗಿ ತೊಳೆದು, ಮೇಲೆ ಬೈಸಿಕೊಂಡ ಅವ್ವನ ಬಳಿ ಹೋಗಿ, "ತಪ್ಪು ನಿಂದಲ್ಲ ಕನವ್ವ" ಎಂದು ಹೇಳಿ ಬರಬೇಕು.